‘ಅದಕ್ಕೂ ಒಂದೇ ಸ್ಟಾರ್ ಅಲ್ವಾ?’

ಮಕ್ಕಳ ಸಲಹೆಗಾರ್ತಿಯಾದ ನನ್ನ ಹತ್ತಿರ ಈ ವರ್ಷ ಬಂದ ನಾಲ್ಕನೇ ಸ್ಟಾರ್ ಚಾರ್ಟ್ ಪ್ರಕರಣ ಇದು. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ, ಮನೆಯವರ ಒಪ್ಪಿಗೆಯೂ ಇದೆ.

ಹುಡುಗನಿಗೆ 8 ವರ್ಷ, ವಿಜಯನಗರದ ಕಡೆ ಮನೆ. ‘ಮೇಡಂ, ಪುಸ್ತಕ ಹಿಡಿದ್ರೆ ಊಟಕ್ಕೂ ಏಳ್ತಿರಲಿಲ್ಲ. ಈಗ ಮುಟ್ಟೋದೇ ಇಲ್ಲ’ ಅಂತ ಅಮ್ಮ ಕರೆದುಕೊಂಡು ಬಂದಿದ್ದರು. ಮಾತಾಡುತ್ತಾ ಗೊತ್ತಾಯಿತು, ಬೇಸಿಗೆ ರಜೆಯಲ್ಲಿ ಫ್ರಿಜ್ ಬಾಗಿಲಿಗೆ ಚಾರ್ಟ್ ಅಂಟಿಸಿದ್ದರು. ಒಂದು ಪುಸ್ತಕಕ್ಕೆ ಒಂದು ಸ್ಟಾರ್, 10 ಸ್ಟಾರ್‌ಗೆ ಅರ್ಧ ಗಂಟೆ ಮೊಬೈಲ್.

ಮೂರನೇ ಭೇಟಿಗೆ ಪುಸ್ತಕಗಳನ್ನೆಲ್ಲ ತರಲು ಹೇಳಿದ್ದೆ. ಹುಡುಗ ಚೀಲ ಸುರಿದು, ನಾನು ಕೇಳದೆಯೇ ಎರಡು ಭಾಗ ಮಾಡಿದ. ಒಂದು ಕಡೆ 16 ಪುಟದ ತೆಳ್ಳನೆ ಚಿತ್ರದ ಪುಸ್ತಕಗಳ ರಾಶಿ. ಇನ್ನೊಂದು ಕಡೆ ಒಂದೇ ಒಂದು ದಪ್ಪ ಪುಸ್ತಕ, ಅವೆನ್ಯೂ ರಸ್ತೆಯಲ್ಲಿ ಹಳೇದು ಕೊಂಡಿದ್ದು, ರಟ್ಟು ಕಿತ್ತುಹೋಗಿ ಟೇಪ್ ಹಾಕಿದ್ದರು. ನಡುವೆ ಮಡಚಿದ ಬಿಎಂಟಿಸಿ ಟಿಕೆಟ್ ಇತ್ತು, ಗುರುತಿಗೆ.

‘ಇವೆಲ್ಲ ಸ್ಟಾರ್‌ದು ಆಂಟಿ.’

‘ಅದು?’

‘ಅದು ಮುಂಚೆದು. ಸುಮ್ನೆ ಓದ್ತಿದ್ದೆ.’

‘ಮತ್ತೆ ಮುಗಿಸಲೇ ಇಲ್ವಲ್ಲೋ?’

ಲೆಕ್ಕ ಬರದವರನ್ನು ನೋಡುವ ಹಾಗೆ ನನ್ನನ್ನು ನೋಡಿದ. ‘ಅದಕ್ಕೂ ಒಂದೇ ಸ್ಟಾರ್ ಅಲ್ವಾ?’

ಅಮ್ಮ ನಕ್ಕರು. ಆಮೇಲೆ ಆ ಟಿಕೆಟ್ ಎತ್ತಿಕೊಂಡು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಹುಡುಗ ಚೆನ್ನಾಗಿಯೇ ಕಲಿತಿದ್ದ. ಖುಷಿ ಸಿಕ್ಕ ಕೆಲಸವನ್ನು ಪ್ರಾಣಿ ಮತ್ತೆ ಮಾಡುತ್ತದೆ ಅಂತ ಮನೋವಿಜ್ಞಾನಿ ಥಾರ್ನ್‌ಡೈಕ್ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿ ಕೂಡಿಹಾಕಿ ತೋರಿಸಿದ್ದು 1898ರಲ್ಲಿ. ಅಮ್ಮ ಓದಿಗೆ ಸ್ಟಾರ್ ಕೊಡುತ್ತಿದ್ದೇನೆ ಅಂದುಕೊಂಡಿದ್ದರು, ಚಾರ್ಟ್ ಕೊಡುತ್ತಿದ್ದದ್ದು ಮುಗಿಸಿದ್ದಕ್ಕೆ. ಬೇಗ ಮುಗಿಯುವುದನ್ನೇ ಅವನು ಆರಿಸಿಕೊಂಡ. ತಿಂಗಳ ಕೊನೆಯ ಟಾರ್ಗೆಟ್‌ಗೆ ನಾವು ಆಫೀಸಿನಲ್ಲಿ ಮಾಡುವುದೂ ಇದನ್ನೇ, ಬಿಡಿ.

ಇದಕ್ಕಿಂತ ನನಗೆ ಜಾಸ್ತಿ ಚಿಂತೆಯಾಗಿದ್ದು ಓದಿನ ಆಸೆಯೇ ಬತ್ತಿದ್ದು. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಅನ್ನುವ ಮನೋವಿಜ್ಞಾನಿಗಳು ಅಮೆರಿಕದ ಒಂದು ನರ್ಸರಿ ಶಾಲೆಯಲ್ಲಿ ಸ್ಕೆಚ್ ಪೆನ್ನಿನಿಂದ ಚಿತ್ರ ಬಿಡಿಸುವುದೆಂದರೆ ಇಷ್ಟವಿದ್ದ ಮಕ್ಕಳನ್ನೇ ಆರಿಸಿ, ಕೆಲವರಿಗೆ ‘ಬಿಡಿಸಿದರೆ ಬಹುಮಾನ’ ಅಂತ ಮೊದಲೇ ಹೇಳಿದರು. ಚಿನ್ನದ ಬಣ್ಣದ ಸ್ಟಾರ್, ರಿಬ್ಬನ್ ಇದ್ದ ಸರ್ಟಿಫಿಕೇಟ್. ವಾರ ಎರಡು ವಾರ ಬಿಟ್ಟು ನೋಡಿದರೆ ಆ ಮಕ್ಕಳು ಬಿಡುವಿನಲ್ಲಿ ಆ ಪೆನ್ನುಗಳ ಜೊತೆ ಕಳೆದ ಸಮಯ ಉಳಿದವರ ಅರ್ಧದಷ್ಟಿತ್ತು. ಹೇಳದೆ ಕೇಳದೆ ಆಮೇಲೆ ಬಹುಮಾನ ಪಡೆದವರ ಆಸಕ್ತಿ ಹಾಗೆ ಕುಗ್ಗಲಿಲ್ಲ.

ಬಹುಮಾನದಿಂದ ನಡವಳಿಕೆ ರೂಪಿಸಬಹುದು ಅಂದ ಮನೋವಿಜ್ಞಾನಿ ಸ್ಕಿನ್ನರ್. ‘ನೀನು ಸ್ಕಿನ್ನರ್ ವಿರೋಧಿ’ ಅಂತ ಜೊತೆಯ ಸಲಹೆಗಾರರೊಬ್ಬರು ರೇಗಿಸುತ್ತಾರೆ. ಅಲ್ಲ. ಮಗ್ಗಿ, ಶೂ ಲೇಸ್, ಬ್ಯಾಗ್ ಜೋಡಿಸುವುದು, ಇಂಥ ಇನ್ನೂ ರೂಢಿಯಾಗದ ಕೆಲಸಕ್ಕೆ ನಾನೇ ಚಾರ್ಟ್ ಬರೆದುಕೊಡುತ್ತೇನೆ. 1953ರಲ್ಲಿ ಮಗಳ ಗಣಿತ ತರಗತಿಯಲ್ಲಿ ಕೂತಿದ್ದ ಸ್ಕಿನ್ನರ್‌ಗೆ ಕಂಡಿದ್ದು, ಮಾಡಿದ ಲೆಕ್ಕ ಸರಿಯೋ ತಪ್ಪೋ ಅಂತ ಮಕ್ಕಳಿಗೆ ಆಗಲೇ ಗೊತ್ತಾಗುತ್ತಿಲ್ಲ ಅನ್ನುವುದು. ಕಲಿಸುವ ಯಂತ್ರ ಮಾಡಿದ್ದು ಅದಕ್ಕೇ: ಸಣ್ಣ ಹೆಜ್ಜೆ, ತಕ್ಷಣ ಉತ್ತರ. ನಾವು ಅದೆಲ್ಲ ಬಿಟ್ಟು ಸ್ಟಿಕ್ಕರ್ ಇಟ್ಟುಕೊಂಡಿದ್ದೇವೆ.

ಅಮ್ಮನಿಗೆ ಹೇಳಿದ್ದು ಇಷ್ಟು. ಬಾಕಿ ಇರುವ ಸ್ಟಾರ್‌ಗಳ ಲೆಕ್ಕ ಚುಕ್ತಾ ಮಾಡಿ, ಮಾತು ತಪ್ಪಬೇಡಿ. ಚಾರ್ಟ್ ಬೇಕಿದ್ದರೆ ಟಿಫಿನ್ ಬಾಕ್ಸ್ ತೊಳೆಯಲು ಹಾಕುವುದಕ್ಕೆ ಇರಲಿ, ಓದಿಗೆ ಬೇಡ. ರಾತ್ರಿ 15 ನಿಮಿಷ ಅಪ್ಪನೋ ನೀವೋ ಏನಾದರೂ ಓದುತ್ತಾ ಅವನ ಪಕ್ಕ ಕೂರಿ. ‘ಕಥೆಯಿಂದ ಏನು ಕಲಿತೆ’ ಅಂತ ಮಾತ್ರ ಕೇಳಬೇಡಿ.

‘ಪೂರ್ತಿ ಬಿಟ್ಟುಬಿಟ್ರೆ?’ ಅಂದರು. ಕೆಲವು ದಿನ ಬಿಡುತ್ತಾನೆ, ಸ್ಟಾರ್‌ಗಾಗಿ ಹಟವನ್ನೂ ಮಾಡುತ್ತಾನೆ, ಆಗ ಮಣಿದು ಕೊಟ್ಟರೆ ಹಟ ಮಾಡುವುದನ್ನೇ ಕಲಿಸಿದ ಹಾಗೆ ಅಂದೆ.

ಮೂರು ವಾರ ಅವನು ಒಂದು ಪುಟವನ್ನೂ ಓದಲಿಲ್ಲ. ಅಮ್ಮ ಎರಡು ಸಲ ಸಿಟ್ಟಿನಲ್ಲೇ ಫೋನ್ ಮಾಡಿದರು, ನನಗೂ ಒಳಗೊಳಗೇ ಅಳುಕಿತ್ತು. ಐದನೇ ವಾರ ಒಂದು ಮೆಸೇಜ್ ಬಂತು: ‘ಹೊಸ ಕುಕ್ಕರ್ ಜೊತೆ ಬಂದ ಚೀಟಿ ಪೂರ್ತಿ ಓದಿದ ಮೇಡಂ, ಗ್ಯಾಸ್ಕೆಟ್ ಅಂದ್ರೇನು ಅಂತ ಕೇಳಿದ. ಸ್ಟಾರ್ ಕೇಳಲಿಲ್ಲ. ನನಗೇ ಕೊಡೋಣ ಅಂತ ಕೈ ತುರಿಸ್ತಿತ್ತು.’