ಲಕ್ಷ ವ್ಯೂಸ್ ಬಂತು, ಹಪ್ಪಳ ಡಬ್ಬದಲ್ಲೇ ಉಳಿಯಿತು

ಮುಂಬೈ ಪಕ್ಕದ ಡೊಂಬಿವಲಿಯ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ.

"ಸಂಪಾದಕರಿಗೆ ನಮಸ್ಕಾರ. 22 ವರ್ಷಗಳಿಂದ ಮನೆಯಲ್ಲೇ ಹಪ್ಪಳ, ಸಂಡಿಗೆ, ಚಟ್ನಿಪುಡಿ, ಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತಿದ್ದೇನೆ. ಈಗ ಐದು ಹೆಂಗಸರು ಕೆಲಸಕ್ಕೆ ಬರುತ್ತಾರೆ. 2024ರ ಕೊನೆಗೆ, ಮಗ ಹೇಳಿದ ಅಂತ, ಒಂದು ಡಿಜಿಟಲ್ ಮಾರ್ಕೆಟಿಂಗ್ ಏಜೆನ್ಸಿಗೆ ಕೆಲಸ ಕೊಟ್ಟೆವು. ತಿಂಗಳಿಗೆ 18,000 ರೂಪಾಯಿ. ನಮ್ಮ ವಿಡಿಯೋಗಳ ವ್ಯೂಸ್ ಒಂದು ಲಕ್ಷ ದಾಟಿದೆ, ಶುರುವಿಗಿಂತ ಮೂರು ಪಟ್ಟು ಎನ್ನುತ್ತಾರೆ. ಆರ್ಡರ್ ಮಾತ್ರ ಮೊದಲಿನಷ್ಟೇ. ಕನ್ನಡದಲ್ಲಿ ಹಾಕಿ ಅಂದರೆ 'ಆಂಟಿ, ಆಡಿಯನ್ಸ್ ಚಿಕ್ಕದಾಗುತ್ತೆ' ಅನ್ನುತ್ತಾರೆ. ಈಗ ಯಾರೋ ಫುಡ್ ಇನ್‌ಫ್ಲುಯೆನ್ಸರ್‌ಗೆ 15,000 ಕೊಡಬೇಕಂತೆ. ಇದೆಲ್ಲ ಮೋಸವೇ? ಇದರ ಬದಲು ನಿಮ್ಮ ಪತ್ರಿಕೆಗೇ ಜಾಹೀರಾತು ಕೊಡಲೇ? ರಿಪೋರ್ಟ್ ಜೊತೆಗೆ ಒಂದು ಕಟ್ಟು ಹಲಸಿನ ಹಪ್ಪಳ ಕಳಿಸಿದ್ದೇನೆ."

ಅಕ್ಕಾ, ನಮಸ್ಕಾರ. ಹಪ್ಪಳ ಸಿಕ್ಕಿತು. ಅದರ ಮಾತು ಆಮೇಲೆ.

ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ಬರೆಯುವುದೆಲ್ಲ ನನ್ನ ಅಂಗಡಿಗೆ ಗಿರಾಕಿ ಕರೆದಂತೆ ಕಾಣಬಹುದು. ಆ 18,000 ನಮಗೆ ಕೊಡಬೇಡಿ. ಮುಂಬೈಯಲ್ಲಿ ಕನ್ನಡ ಪತ್ರಿಕೆಗೆ, ಸಂಘಗಳ ಸ್ಮರಣ ಸಂಚಿಕೆಗೆ ಬರುವ ಜಾಹೀರಾತಿನಲ್ಲಿ ಮುಕ್ಕಾಲು ಪಾಲು ಪ್ರೀತಿಗೆ ಕೊಟ್ಟದ್ದು. ಹೋಟೆಲಿನವರು 'ಶುಭ ಹಾರೈಕೆಗಳೊಂದಿಗೆ' ಅಂತ ಅರ್ಧ ಪುಟ ಕೊಡುತ್ತಾರೆ. ಅದನ್ನು ಓದಿ ಯಾರೂ ಇಡ್ಲಿ ತಿನ್ನಲು ಎದ್ದು ಹೋಗುವುದಿಲ್ಲ ಅಂತ ಅವರಿಗೂ ಗೊತ್ತು, ನಮಗೂ ಗೊತ್ತು. ನಾವು ಉಸಿರಾಡುತ್ತಿರುವುದು ಆ ಪ್ರೀತಿಯಿಂದಲೇ. ಆದರೆ ನೀವು ಕೇಳುತ್ತಿರುವುದು ವ್ಯಾಪಾರದ ಪ್ರಶ್ನೆ.

ಇನ್ನು ರಿಪೋರ್ಟ್. ಎರಡು ಸಲ ಓದಿದೆ. ಹನ್ನೆರಡು ಪುಟ, ಅದರಲ್ಲಿ ಎಂಟು ಪುಟ ಬರೀ ಬಣ್ಣದ ಗ್ರಾಫ್. 'ಎಂಗೇಜ್‌ಮೆಂಟ್' ಎಂಬ ಪದ ಹದಿನಾಲ್ಕು ಸಲ ಬಂದಿದೆ. 'ಆರ್ಡರ್' ಎಂಬ ಪದ ಒಂದು ಸಲವೂ ಇಲ್ಲ. ಸುಮ್ನೆ ಹೇಳುತ್ತಿಲ್ಲ, ಪೆನ್ಸಿಲ್ ಹಿಡಿದು ಎಣಿಸಿದೆ.

ಹಾಗಂತ ಅವರು ಸುಳ್ಳು ಹೇಳಿದ್ದಾರೆ ಅಂತ ನನಗೆ ಅನ್ನಿಸುವುದಿಲ್ಲ. ಲಕ್ಷ ಎನ್ನುವುದು ನಿಜವೇ ಇರಬಹುದು. ಬದಲಾದದ್ದು ಎಣಿಸುವ ರೀತಿ. 2024ರ ಆಗಸ್ಟ್‌ನಲ್ಲಿ ಇನ್‌ಸ್ಟಾಗ್ರಾಂ ರೀಲು, ಫೋಟೋ, ಸ್ಟೋರಿ ಎಲ್ಲಕ್ಕೂ 'ವ್ಯೂಸ್' ಅನ್ನೇ ಮುಖ್ಯ ಅಳತೆ ಮಾಡುವುದಾಗಿ ಹೇಳಿತು. ರೀಲ್ ಓಡಲು ಶುರುವಾದರೆ ಒಂದು ವ್ಯೂ. ಅದೇ ಮನುಷ್ಯ ಇನ್ನೊಮ್ಮೆ ನೋಡಿದರೆ ಇನ್ನೊಂದು. ಯೂಟ್ಯೂಬ್ ಶಾರ್ಟ್ಸ್ ಕೂಡ 2025ರ ಮಾರ್ಚ್ 31ರಿಂದ ಇದೇ ದಾರಿ ಹಿಡಿಯಿತು. ಅಲ್ಲಿಯವರೆಗೆ ಕೆಲವು ಸೆಕೆಂಡಾದರೂ ನೋಡಿದರೆ ಮಾತ್ರ ಲೆಕ್ಕಕ್ಕೆ ಬರುತ್ತಿತ್ತು. ಈಗ ಬೆರಳು ತಾಗಿ ಓಡಲು ಶುರುವಾದರೂ ಲೆಕ್ಕವೇ. ಹಳೆಯ ಲೆಕ್ಕವನ್ನು ತೆಗೆದುಹಾಕಿಲ್ಲ. 'ಎಂಗೇಜ್ಡ್ ವ್ಯೂಸ್' ಅಂತ ಹೆಸರಿಟ್ಟು ಒಳಗಿನ ಪುಟದಲ್ಲಿ ಕೂರಿಸಿದ್ದಾರೆ. ನಿಮ್ಮ ರಿಪೋರ್ಟಿನಲ್ಲಿ ಅದು ಇಲ್ಲ.

ಸಂಜೆ ಆರೂವರೆಗೆ ದಾದರ್ ಸ್ಟೇಷನ್ನಿನ ಬ್ರಿಜ್ ಮೇಲೆ ಹಪ್ಪಳದ ಬುಟ್ಟಿ ಇಟ್ಟುಕೊಂಡು ಕೂತಿದ್ದೀರಿ ಅಂದುಕೊಳ್ಳಿ. ಮೊದಲು ಬುಟ್ಟಿಯ ಮುಂದೆ ನಿಂತವರನ್ನು ಎಣಿಸುತ್ತಿದ್ದರು. ಈಗ ಕಲ್ಯಾಣ್ ಫಾಸ್ಟ್ ಹಿಡಿಯಲು ಓಡುತ್ತಾ ದಾಟಿದವನನ್ನೂ ಎಣಿಸುತ್ತಾರೆ. ಅವನು ಚಪ್ಪಲಿ ಕಳಚಿತು ಅಂತ ವಾಪಸ್ ಬಂದರೆ ಅವನದೇ ಎರಡು. ಮೂರು ಪಟ್ಟು ಆಗದೆ ಇನ್ನೇನಾಗುತ್ತದೆ?

ಆದ್ದರಿಂದ ಮುಂದಿನ ಸಲ ಅವರನ್ನು ಕೇಳಬೇಕಾದದ್ದು ಬೇರೆ. ಎಷ್ಟು ಜನ ಅದನ್ನು ಇನ್ನೊಬ್ಬರಿಗೆ ಕಳಿಸಿದರು? 2025ರ ಜನವರಿಯಲ್ಲಿ ಇನ್‌ಸ್ಟಾಗ್ರಾಂ ಮುಖ್ಯಸ್ಥ ಆಡಂ ಮೊಸ್ಸೆರಿ ಇದನ್ನು ಬಿಡಿಸಿ ಹೇಳಿದ್ದರು. ರೀಲ್ ಯಾರಿಗೆ ತೋರಿಸಬೇಕು ಅಂತ ತೀರ್ಮಾನಿಸುವಾಗ ಎಷ್ಟು ಹೊತ್ತು ನೋಡಿದರು, ಎಷ್ಟು ಲೈಕ್ ಬಂತು, ಎಷ್ಟು ಜನ ಇನ್ನೊಬ್ಬರಿಗೆ ಕಳಿಸಿದರು, ಈ ಮೂರು ಮುಖ್ಯವಂತೆ. ನಿಮ್ಮನ್ನು ಫಾಲೋ ಮಾಡದ ಹೊಸಬರಿಗೆ ತಲುಪಲು ಮೂರನೆಯದು ಜಾಸ್ತಿ ಮುಖ್ಯ.

ಈ ಮೂರನೆಯದು ನಿಮ್ಮ ರಿಪೋರ್ಟಿನಲ್ಲಿದೆ. ಒಂಬತ್ತನೇ ಪುಟದ ಕೆಳಗೆ, ಸಣ್ಣ ಅಕ್ಷರದಲ್ಲಿ. ಏಜೆನ್ಸಿಯವರು ಸ್ಟುಡಿಯೋದಲ್ಲಿ ತೆಗೆದ ರೀಲ್ ನೋಡಿದೆ. ಕಪ್ಪು ಹಿನ್ನೆಲೆ, ನಿಧಾನಕ್ಕೆ ತಿರುಗುವ ಹಪ್ಪಳ, ಎಲ್ಲೋ ಕೇಳಿದ ಸಂಗೀತ, ಉಗುರುಬಣ್ಣದ ಒಂದು ಕೈ. ಅದನ್ನು ಇನ್ನೊಬ್ಬರಿಗೆ ಕಳಿಸಿದವರು ಮೂರು ಜನ. ಆ ಮೂರರಲ್ಲಿ ಒಬ್ಬ ನಿಮ್ಮ ಮಗ ಇರಬೇಕು. ಅದೇ ತಿಂಗಳು ಮಗ ತನ್ನ ಫೋನಿನಲ್ಲಿ ಟೆರೇಸ್ ಮೇಲೆ ತೆಗೆದ ಒಂದು ತುಣುಕೂ ಇದೆ. ಹಳೇ ಸೀರೆ ಹಾಸಿ ಹಪ್ಪಳ ಹರಡಿದೆ. ಮಧ್ಯೆ ಕಪ್ಪು ಕೊಡೆ ಬಿಚ್ಚಿಟ್ಟಿದೆ. ಆದರೂ ಒಂದು ಕಾಗೆ ಬಂದು ಕೂತಿದೆ. ನಿಮ್ಮ ಅತ್ತೆ ಕೋಲು ಹಿಡಿದು, "ನಿನ್ನೆ ತಿಂದದ್ದು ಸಾಕಾಗಲಿಲ್ವಾ ಮಾರಾಯಾ ನಿಂಗೆ" ಅನ್ನುತ್ತಾರೆ. ಕಾಗೆ ಕದಲುವುದಿಲ್ಲ. ಅಷ್ಟೇ ವಿಡಿಯೋ. ಅದನ್ನು 212 ಜನ ಬೇರೆಯವರಿಗೆ ಕಳಿಸಿದ್ದಾರೆ. ಏಜೆನ್ಸಿಯವರು ಇದರ ಪಕ್ಕದಲ್ಲಿ 'ಲೋ ಪ್ರೊಡಕ್ಷನ್ ಕ್ವಾಲಿಟಿ' ಅಂತ ಬರೆದಿದ್ದಾರೆ!

ಯಾರು ಯಾರಿಗೆ ಕಳಿಸಿರಬಹುದು ಅಂತ ಊಹಿಸುವುದು ಕಷ್ಟವಲ್ಲ. ಮೀರಾ ರೋಡಿನ ಸೊಸೆ ಕುಂದಾಪುರದ ಅತ್ತೆಗೆ, ನೆರೂಲಿನ ತಮ್ಮ ದುಬೈಯ ಅಣ್ಣನಿಗೆ. ಆ ಮಾತು ಕನ್ನಡದಲ್ಲಿ ಇತ್ತು ಅಂತಲೇ ಅದು ಹೋಯಿತು. 'ಆಡಿಯನ್ಸ್ ಚಿಕ್ಕದಾಗುತ್ತೆ' ಎಂಬುದು ಸೋಪು ಮಾರುವವರಿಗೆ ಸರಿ. ನೀವು ಎಲ್ಲ ಮನೆಗೂ ಹಪ್ಪಳ ಕೊಡಲಾರಿರಿ, ಐದು ಜನರ ಕೈಯಲ್ಲಿ ದಿನಕ್ಕೆ ಎಷ್ಟು ಒತ್ತಬಹುದು ಅಂತ ನಿಮಗೇ ಗೊತ್ತು. ನಿಮಗೆ ಬೇಕಾದದ್ದು ಚಿಕ್ಕದೇ.

ಆದರೆ ಬರೀ ಕನ್ನಡವೂ ಸಾಲದು. ನಿಮ್ಮ ಗಿರಾಕಿಗಳಲ್ಲಿ ಅರ್ಧ ಜನ ಮರಾಠಿಯವರು ಅಂತ ಪತ್ರದ ಇನ್ನೊಂದು ಕಡೆ ಬರೆದಿದ್ದೀರಿ. ಮಾತು ಕನ್ನಡದಲ್ಲಿರಲಿ, ಕೆಳಗಿನ ಬರಹದಲ್ಲಿ ಮರಾಠಿಯೂ ಇರಲಿ. ಇಲ್ಲಿ ಒಂದು ಪದ ನೆನಪಿಡಿ: 'ವಾಳವಣ'. ಬೇಸಿಗೆಯಲ್ಲಿ ಒಣಗಿಸಿಡುವ ಹಪ್ಪಳ, ಸಂಡಿಗೆ, ಕುರ್ಡಯಿ ಎಲ್ಲಕ್ಕೂ ಮರಾಠಿ ಹೆಂಗಸರು ಹೇಳುವುದು ಅದನ್ನೇ. ನಮ್ಮ ಸಂಡಿಗೆಗೂ ಅವರ 'ಸಾಂಡಗೆ'ಗೂ ಎಷ್ಟು ದೂರ? ಹಲಸಿನ ಹಪ್ಪಳ ಕೊಂಕಣದವರಿಗೆ 'ಫಣಸಾಚೆ ಪಾಪಡ್'. ನಿಮ್ಮ ಏಜೆನ್ಸಿ ಹಾಕಿದ 'ಜ್ಯಾಕ್‌ಫ್ರೂಟ್ ಕ್ರಿಸ್ಪ್ಸ್' ಅನ್ನು ಡೊಂಬಿವಲಿಯಲ್ಲಿ ಯಾರು ಹುಡುಕುತ್ತಾರೆ ಹೇಳಿ. ಈ ಪದಗಳ ವಿಷಯ ಈಗ ಮೊದಲಿಗಿಂತ ಮುಖ್ಯ, ಯಾಕೆಂದರೆ 2025ರ ಜುಲೈಯಿಂದ ಇನ್‌ಸ್ಟಾಗ್ರಾಂನ ವ್ಯಾಪಾರಿ ಖಾತೆಗಳ ಸಾರ್ವಜನಿಕ ಪೋಸ್ಟ್‌ಗಳು ಗೂಗಲ್ ಹುಡುಕಾಟದಲ್ಲೂ ಸಿಗುವಂತಾಗಿದೆ. ಹ್ಯಾಶ್‌ಟ್ಯಾಗ್ ಸುರಿಯುವುದಕ್ಕಿಂತ, ಜನ ಬಾಯಲ್ಲಿ ಆಡುವ ನಾಲ್ಕು ಪದ ಬರೆಯುವುದು ಮೇಲು.

ಇನ್‌ಫ್ಲುಯೆನ್ಸರ್ ವಿಷಯಕ್ಕೆ ಬರೋಣ. 15,000 ಕೊಡುವುದು ಬಿಡುವುದು ನಿಮ್ಮ ಇಷ್ಟ. ನಾನಾಗಿದ್ದರೆ ಕೊಡುತ್ತಿರಲಿಲ್ಲ. ಆದರೆ ಏಜೆನ್ಸಿಯವರು ನಿಮಗೆ ಹೇಳದ ಒಂದು ವಿಷಯವಿದೆ. ದುಡ್ಡು ಕೊಟ್ಟಿದ್ದರೆ, ಅಷ್ಟೇ ಯಾಕೆ, ಉಪ್ಪಿನಕಾಯಿ ಬಾಟಲಿ ಬಿಟ್ಟಿ ಕೊಟ್ಟಿದ್ದರೂ, ಅದು ಜಾಹೀರಾತು ಅಂತ ವಿಡಿಯೋದಲ್ಲಿ ಎದ್ದು ಕಾಣುವ ಹಾಗೆ ಹೇಳಬೇಕು. ಇಲ್ಲೇ ಮುಂಬೈಯಲ್ಲಿರುವ ಜಾಹೀರಾತು ಮಾನದಂಡ ಮಂಡಳಿ, ಎಲ್ಲರೂ ಆಸ್ಕಿ ಅನ್ನುವುದು, 2021ರ ಜೂನ್‌ನಲ್ಲಿ ಈ ನಿಯಮ ತಂದಿತು. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರವೂ ಇಂಥದ್ದೇ ಮಾರ್ಗಸೂಚಿ ಹೊರಡಿಸಿತು. ದಾರಿ ತಪ್ಪಿಸುವ ಜಾಹೀರಾತಿಗೆ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿ ತನಕ ದಂಡ, ಮತ್ತೆ ಮಾಡಿದರೆ 50 ಲಕ್ಷ. ಅದು ವಿಡಿಯೋ ಮಾಡಿದವರಿಗೆ ಮಾತ್ರ ಅಲ್ಲ, ಮಾಲು ತಯಾರಿಸಿದವರಿಗೂ. ಅಂದರೆ ನಿಮಗೂ.

ಇದನ್ನು ಯಾಕೆ ಇಷ್ಟು ಎಳೆದೆನೆಂದರೆ, ಅವರು ಕಳಿಸಿದ ಸ್ಕ್ರಿಪ್ಟಿನಲ್ಲಿ ನಿಮ್ಮ ಅಗಸೆ ಚಟ್ನಿಪುಡಿ 'ಶುಗರ್ ಇಳಿಸುತ್ತದೆ' ಅಂತ ಒಂದು ಸಾಲಿದೆ. ಅದನ್ನು ಇವತ್ತೇ ಹೊಡೆದುಹಾಕಿಸಿ. ಆಹಾರ ಪದಾರ್ಥ ರೋಗ ವಾಸಿ ಮಾಡುತ್ತದೆ ಅಂತ ಜಾಹೀರಾತಿನಲ್ಲಿ ಹೇಳುವ ಹಾಗಿಲ್ಲ. ಚಟ್ನಿಪುಡಿ ರುಚಿಯಾಗಿದ್ದರೆ ಸಾಕಲ್ವಾ?

ಬೂಸ್ಟ್ ಮಾಡುವುದರ, ಅಂದರೆ ದುಡ್ಡು ಕೊಟ್ಟು ಪೋಸ್ಟನ್ನು ಹೆಚ್ಚು ಜನರಿಗೆ ತೋರಿಸುವುದರ ಬಗ್ಗೆ ನನ್ನದೇ ಪೆದ್ದುತನ ಹೇಳುತ್ತೇನೆ. ನಮ್ಮ ದೀಪಾವಳಿ ವಿಶೇಷಾಂಕದ ಪೋಸ್ಟಿಗೆ ಒಮ್ಮೆ 2,000 ರೂಪಾಯಿ ಹಾಕಿದೆ. ಯಾವ ಊರು, ಯಾವ ಭಾಷೆ ಅಂತ ಆರಿಸುವ ಜಾಗದಲ್ಲಿ ಏನೂ ಒತ್ತಲಿಲ್ಲ. ಬೆಳಗಾಗುವಷ್ಟರಲ್ಲಿ ಲೈಕೋ ಲೈಕು. ಖುಷಿಯಲ್ಲಿ ಒಬ್ಬೊಬ್ಬರ ಹೆಸರು ಒತ್ತಿ ನೋಡಿದರೆ ಕನ್ನಡ ಓದಲು ಬಾರದವರೇ ಜಾಸ್ತಿ. ಹೊಸ ಚಂದಾ ಬಂದದ್ದು ಒಂದು, ಅದೂ ನಮ್ಮ ಭಾವನದು. ದುಡ್ಡು ಹಾಕುವುದಾದರೆ ಮಾರ್ಚಿಂದ ಮೇ ತನಕ, ಮಳೆಗೆ ಮುಂಚೆ ಜನ ಡಬ್ಬ ತುಂಬಿಸುವ ಕಾಲದಲ್ಲಿ, ಡೊಂಬಿವಲಿ, ಠಾಣೆ, ಮುಲುಂಡ್ ಅಂತ ಊರು ಆರಿಸಿ ಹಾಕಿ. ಸಾವಿರಕ್ಕೆ 180 ರೂಪಾಯಿ ಜಿಎಸ್‌ಟಿ ಬೇರೆ ಅನ್ನುವುದೂ ಲೆಕ್ಕದಲ್ಲಿರಲಿ. ಆ ತೆರಿಗೆ ವಾಪಸ್ ಸಿಗುತ್ತದೆ ಅಂತ ಏಜೆನ್ಸಿಯವರು ಹೇಳಿದ್ದರೆ ಆಡಿಟರನ್ನು ಕೇಳಿ. ಹಪ್ಪಳಕ್ಕೆ ತೆರಿಗೆಯೇ ಇಲ್ಲ, ಉಪ್ಪಿನಕಾಯಿಗೆ ಇದೆ, ಹಾಗಾಗಿ ಲೆಕ್ಕ ಅಷ್ಟು ಸಲೀಸಲ್ಲ.

ಈಗ ನಿಮ್ಮ ಬೈಂಡ್ ಪುಸ್ತಕ. 22 ವರ್ಷದ ಗಿರಾಕಿಗಳ ಹೆಸರು, ನಂಬರು, ಯಾರಿಗೆ ಖಾರ ಬೇಡ, ಯಾರು ಗಣಪತಿಗೆ ತರಿಸುತ್ತಾರೆ ಎಲ್ಲ ಅದರಲ್ಲಿದೆ ಅಂತ ಬರೆದಿದ್ದೀರಿ, ಅದೂ ಹೇಗೆ, 'ಹಳೇ ಕಾಲದ ಪದ್ಧತಿ, ನಗಬೇಡಿ' ಅಂತ. ನಗುವುದೇ? ದೊಡ್ಡ ದೊಡ್ಡ ಕಂಪನಿಗಳು ಕೋಟಿ ಸುರಿದು ಹುಡುಕುತ್ತಿರುವುದು ಅದನ್ನೇ. ಐಫೋನಿನಲ್ಲಿ ಆ್ಯಪ್‌ಗಳು ನಮ್ಮ ಬೆನ್ನು ಹತ್ತುವ ಮುಂಚೆ ಅನುಮತಿ ಕೇಳಬೇಕು ಅಂತ ಆ್ಯಪಲ್ 2021ರಲ್ಲಿ ನಿಯಮ ಮಾಡಿತು. ಅದರಿಂದ 2022ರಲ್ಲಿ ಸುಮಾರು 1,000 ಕೋಟಿ ಡಾಲರ್ ಹೊಡೆತ ಬೀಳಬಹುದು ಅಂತ ಫೇಸ್‌ಬುಕ್‌ನ ಒಡೆಯ ಕಂಪನಿ ಮೆಟಾ ತಾನೇ ಹೇಳಿತ್ತು. ಗಿರಾಕಿ ಯಾರು ಅಂತ ದೂರದಿಂದ ಕದ್ದು ನೋಡುವುದು ಕಷ್ಟವಾಗುತ್ತಿದೆ. ನಿಮಗೆ ಹೆಸರು ಹಿಡಿದು ಗೊತ್ತು.

ಆ ನಂಬರುಗಳನ್ನು ವಾಟ್ಸಾಪ್ ಬಿಸಿನೆಸ್ ಆ್ಯಪ್‌ಗೆ ಹಾಕಿ. ಬಿಟ್ಟಿ ಸಿಗುತ್ತದೆ. ಹಪ್ಪಳದ ಫೋಟೋ, ಬೆಲೆ ಕ್ಯಾಟಲಾಗಿನಲ್ಲಿ ಇಡಬಹುದು. ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿದರೆ ಒಂದರಲ್ಲಿ 256 ಜನ ಹಿಡಿಯುತ್ತಾರೆ. ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ನನಗೆ ಈ ನಿಯಮ ಬಹಳ ಇಷ್ಟ. ಸೇವ್ ಮಾಡಿಕೊಂಡವರು ಅಂದರೆ ಮತ್ತೆ ಬೇಕು ಅಂದವರು. ಒಂದೇ ಏಟಿಗೆ ಸಾವಿರಾರು ಜನರಿಗೆ ಮೆಸೇಜ್ ಕಳಿಸುವ ಸಾಫ್ಟ್‌ವೇರ್ ಇದೆ ಅಂತ ಯಾರಾದರೂ ಬಂದರೆ ಚಹಾ ಕೊಟ್ಟು ಕಳಿಸಿ. ಅಂಥದ್ದನ್ನು ಬಳಸಿದರೆ ವಾಟ್ಸಾಪ್ ನಿಮ್ಮ ನಂಬರನ್ನೇ ಬಂದ್ ಮಾಡಬಹುದು. ಮತ್ತೆ, ಆ ಪುಸ್ತಕದ ಫೋಟೋ ತೆಗೆದು ಏಜೆನ್ಸಿಗೆ ಕಳಿಸಬೇಡಿ. ಹಪ್ಪಳಕ್ಕೆ ಅಂತ ಕೊಟ್ಟ ನಂಬರು ಅದು. ಅಂಥ ಮಾಹಿತಿಯನ್ನು ಕಂಡಕಂಡವರಿಗೆ ಹಂಚುವ ಹಾಗಿಲ್ಲ ಅಂತ 2023ರಲ್ಲೇ ಕಾಯ್ದೆ ಬಂದಿದೆ, 2025ರ ನವೆಂಬರ್‌ನಲ್ಲಿ ಅದರ ನಿಯಮಗಳೂ ಬಂದಿವೆ.

ಹಪ್ಪಳದ ಮಾತು ಬಂದಾಗ ಲಿಜ್ಜತ್ ಕತೆ ಹೇಳದ ಮುಂಬೈಕರ ಇಲ್ಲ, ನನ್ನದೂ ಒಂದಿರಲಿ. 1959ರಲ್ಲಿ ಗಿರ್ಗಾಂವ್‌ನಲ್ಲಿ ಏಳು ಹೆಂಗಸರು 80 ರೂಪಾಯಿ ಸಾಲ ತಂದು ಮಹಡಿ ಮೇಲೆ ಕೂತು ಲಟ್ಟಿಸಿದರು. ಮೊದಮೊದಲು ಹಪ್ಪಳ ಹೋದದ್ದು ಭುಲೇಶ್ವರದ ಪರಿಚಯದ ವ್ಯಾಪಾರಿಗೆ. ಟಿವಿ ಜಾಹೀರಾತಿನ ಮೊಲ ಬಂದದ್ದು ಎಷ್ಟೋ ವರ್ಷದ ಮೇಲೆ.

ಏಜೆನ್ಸಿ ಬಿಡುವುದಾದರೆ ಬಿಡುವ ಮುಂಚೆ ಒಂದು ಕೆಲಸ ಮಾಡಿ. ಇನ್‌ಸ್ಟಾಗ್ರಾಂ ಖಾತೆ ಯಾರ ಇಮೇಲಿನಲ್ಲಿ, ಯಾರ ಫೋನಿನಲ್ಲಿ ಇದೆ ಅಂತ ನೋಡಿ, ಮಗನ ಹೆಸರಿಗೆ ಮಾಡಿಸಿಕೊಳ್ಳಿ. ನಮ್ಮ ಪತ್ರಿಕೆಯ ಮೊದಲ ಆನ್‌ಲೈನ್ ಪುಟವನ್ನು ಮಾಡಿಕೊಟ್ಟ ಹುಡುಗ ಕೆನಡಾಗೆ ಹೋದ, ಪಾಸ್‌ವರ್ಡೂ ಅವನ ಜೊತೆ ಹೋಯಿತು. ಅದರಲ್ಲಿ ಇವತ್ತಿಗೂ ನಮ್ಮ ಹಳೇ ವಿಳಾಸವೇ ಇದೆ.

ಬಿಡುವುದು ಬೇಡ ಅನ್ನಿಸಿದರೆ ಮೂರು ತಿಂಗಳು ಕೊಟ್ಟು ನೋಡಿ. ಆದರೆ ಲೆಕ್ಕ ನಿಮ್ಮದಾಗಿರಲಿ. ಫೋನ್ ಮಾಡಿದ ಪ್ರತಿಯೊಬ್ಬರನ್ನೂ "ನಮ್ಮ ವಿಷಯ ಹೇಗೆ ಗೊತ್ತಾಯ್ತು?" ಅಂತ ಕೇಳಿ, ಅದೇ ಬೈಂಡ್ ಪುಸ್ತಕದಲ್ಲಿ ಒಂದು ಗೀಟು ಎಳೆಯಿರಿ. ರೀಲು ನೋಡಿ, ಅಕ್ಕನ ಮಗಳು ಹೇಳಿ, ಮದುವೆಮನೆಯಲ್ಲಿ ತಿಂದು. ತಿಂಗಳ ಕೊನೆಗೆ ಏಜೆನ್ಸಿಯ ಹನ್ನೆರಡು ಪುಟದ ಪಕ್ಕ ನಿಮ್ಮ ಒಂದು ಪುಟ ಇಟ್ಟು ಮಗನಿಗೆ ತೋರಿಸಿ.

ಕೊನೆಗೆ ಹಪ್ಪಳ. ಕಚೇರಿಯಲ್ಲಿ ಒಲೆ ಇಲ್ಲದ್ದರಿಂದ ಮನೆಗೆ ಒಯ್ದೆ. ಭಾನುವಾರ ಸಂಜೆ ಮಳೆ ಬರುತ್ತಿತ್ತು, ಕರಿದೆವು, ಕಟ್ಟು ಮುಗಿಯಿತು. ನನ್ನಾಕೆ ಇನ್ನೂ ತರಿಸಿ ಅಂದಳು. ಪ್ಯಾಕೆಟ್ ತಿರುಗಿಸಿ ನೋಡಿದರೆ ಹೊಳೆಯುವ ಕಾಗದ, ಇನ್‌ಸ್ಟಾಗ್ರಾಂ ಹೆಸರು, ಕ್ಯೂಆರ್ ಕೋಡ್ ಎಲ್ಲ ಇದೆ. ಫೋನ್ ನಂಬರು ಇಲ್ಲ. ಪ್ಯಾಕ್ ಮಾಡಿ ಮಾರುವ ಮಾಲಿನ ಮೇಲೆ ಗ್ರಾಹಕರು ದೂರು ಹೇಳಲು ವಿಳಾಸ, ಫೋನ್ ನಂಬರು ಇರಲೇಬೇಕು ಅಂತ ಕಾನೂನೇ ಇದೆ, ಡಿಸೈನ್ ಮಾಡಿದವರಿಗೆ ಹೇಳಿ. ಅವಳು ಕೋಡ್ ಸ್ಕ್ಯಾನ್ ಮಾಡಿದಳು. ನಿಧಾನಕ್ಕೆ ತಿರುಗುವ ಆ ಹಪ್ಪಳ ಶುರುವಾಯಿತು. ಅದೂ ಒಂದು ವ್ಯೂ. ಆಮೇಲೆ ನಿಮ್ಮ ಪತ್ರದ ಕೆಳಗೆ ಕೈಯಲ್ಲಿ ಬರೆದ ನಂಬರು ಕಂಡಿತು. ಈ ವಾರ ಫೋನ್ ಮಾಡುತ್ತಾಳೆ. ಖಾರದ್ದು ಎರಡು ಕಟ್ಟು, ಖಾರ ಇಲ್ಲದ್ದು ಒಂದು ಎತ್ತಿಡಿ.

– ಸಂ.