ಸೈಕಲ್ಲಿಗೆ ಹದವಾದ ಹವೆ ಎಷ್ಟು ಡಿಗ್ರಿ ಎಂದು ಕೇಳಿದ ಮೈಸೂರಿನ ತಮ್ಮನಿಗೆ

ಮಂಡ್ಯದ ವಿ.ಸಿ. ಫಾರಂನಲ್ಲಿ ಕೃಷಿ ಪದವಿ ಮುಗಿಸಿ, ಬರುವ ಆಗಸ್ಟ್ ಕೊನೆಯಲ್ಲಿ ನೆದರ್ಲೆಂಡ್ಸಿನ ವಾಗನಿಂಗನ್ನಿಗೆ ಹೆಚ್ಚಿನ ಓದಿಗೆಂದು ಹೊರಟಿರುವ ನೀವು ಬರೆದದ್ದನ್ನು ಎರಡು ಸಲ ಓದಿದೆ. ಬಾಡಿಗೆ, ಊಟ, ಬ್ಯಾಂಕು ಇವುಗಳನ್ನೆಲ್ಲ ಒಂದೊಂದು ಸಾಲಿನಲ್ಲಿ ಕೇಳಿ ಮುಗಿಸಿರುವ ನೀವು ಸೈಕಲ್ಲಿನ ವಿಷಯವನ್ನು ಮಾತ್ರ ವಿಸ್ತಾರವಾಗಿ ಕೇಳಿದ್ದೀರಿ. ಭಾನುವಾರ ಬೆಳಗಿನ ಜಾವ ಚಾಮುಂಡಿ ಬೆಟ್ಟಕ್ಕೆ ಸೈಕಲ್ ತುಳಿಯುವ ರೂಢಿ ನಿಮಗಿದೆ. 18ರಿಂದ 24 ಡಿಗ್ರಿಯ ಹವೆ ನಿಮಗೆ ಅಚ್ಚುಮೆಚ್ಚು. ಅಂಥ ಹವೆ ಇಲ್ಲಿ ಯಾವಾಗ ಸಿಗುತ್ತದೆ, ಎಷ್ಟು ಡಿಗ್ರಿಗೆ ಇಳಿದರೆ ಸೈಕಲ್ ಬಿಟ್ಟು ಬಸ್ಸು ಹತ್ತಬೇಕು, ಮಳೆಕೋಟನ್ನು ಅಲ್ಲಿಂದಲೇ ತರಬೇಕೇ ಎಂಬುದು ನಿಮ್ಮ ಪ್ರಶ್ನೆ. ನಾನು ಇದೇ ವಾಗನಿಂಗನ್ನಿಗೆ 2005ರಲ್ಲಿ ಓದಲು ಬಂದವನು. ಈಗ ಎಂಟು ಕಿಲೋಮೀಟರು ಉತ್ತರಕ್ಕಿರುವ ಏಡೆ ಎಂಬ ಊರಿನಲ್ಲಿ ಮನೆ ಮಾಡಿಕೊಂಡು, ಅಲ್ಲಿಂದ ಕೆಲಸಕ್ಕೆ ಸೈಕಲ್ಲಿನಲ್ಲೇ ಓಡಾಡುತ್ತಿದ್ದೇನೆ. ಆದ್ದರಿಂದ ಉಳಿದ ಪ್ರಶ್ನೆಗಳಿಗಿಂತ ಈ ಪ್ರಶ್ನೆಗೆ ಉತ್ತರಿಸುವ ಯೋಗ್ಯತೆ ನನಗೆ ಹೆಚ್ಚಾಗಿದೆ.

ಉಳಿದವುಗಳನ್ನು ಮೊದಲೇ ಮುಗಿಸಿಬಿಡುತ್ತೇನೆ. ಮನೆ ಸಿಗುವುದು ಕಷ್ಟ, ಇವತ್ತಿನಿಂದಲೇ ಹುಡುಕಲು ಶುರುಮಾಡಿ. ಬ್ಯಾಂಕಿನದು ತಾನಾಗಿಯೇ ಆಗುತ್ತದೆ. ಊಟದ ವಿಷಯದಲ್ಲಿ, ಮುದ್ದೆ ಕಟ್ಟಲು ಬರುವವನು ಎಲ್ಲಿಯೂ ಉಪವಾಸವಿರುವುದಿಲ್ಲ ಎಂದಷ್ಟೇ ಹೇಳಬಲ್ಲೆ.

ಈಗ ಡಿಗ್ರಿಯ ಮಾತು. ನೀವು ಮೆಚ್ಚುವ 18ರಿಂದ 24 ಡಿಗ್ರಿಯ ಹಗಲು ಇಲ್ಲಿ ಮೇ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಸಾಕಷ್ಟು ಸಿಗುತ್ತದೆ. ಜನವರಿಯಲ್ಲಿ ಸರಾಸರಿ ತಾಪಮಾನ ಮೂರು ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಎಂಬ ನಮ್ಮ ಮಾತು ಇಲ್ಲಿಗೆ ಸಲ್ಲುವುದಿಲ್ಲ. ಯುಗಾದಿಗೂ ಚಳಿ ಕುಳಿತೇ ಇರುತ್ತದೆ. ಬಿಸಿಲನ್ನು ಮಾತ್ರ ಹಗುರವಾಗಿ ಎಣಿಸಬೇಡಿ. 2019ರ ಜುಲೈ 25ರಂದು ಈ ದೇಶದ ಖಿಲ್ಜ-ರೇಯನ್ ಎಂಬಲ್ಲಿ 40.7 ಡಿಗ್ರಿ ದಾಖಲಾಯಿತು. ಆ ದಿನ ಸೈಕಲ್ ಹಾದಿಯ ಡಾಂಬರಿನ ಮೇಲೆ ಬರುತ್ತಿದ್ದಾಗ, ಕಬ್ಬಿನ ಗದ್ದೆಯಲ್ಲಿ ಚೈತ್ರದ ಮಧ್ಯಾಹ್ನವನ್ನು ಕಳೆದು ಬೆಳೆದ ನಾನೂ ಮರದ ನೆರಳು ಹುಡುಕಿಕೊಂಡು ನಿಂತೆ.

ಆದರೆ ಡಿಗ್ರಿಯೊಂದನ್ನೇ ಕೇಳುತ್ತಿರುವಿರಲ್ಲ, ಅಲ್ಲಿಯೇ ನಿಮ್ಮ ಪ್ರಶ್ನೆ ತಪ್ಪಿದೆ. ನಾನೂ ಹಾಗೆಯೇ ತಪ್ಪಿದವನು. ಬಂದ ವರ್ಷದ ಅಕ್ಟೋಬರಿನ ಮೊದಲ ಭಾನುವಾರ, ಹಳೆಯ ಸೈಕಲ್ಲೊಂದನ್ನು ಕೊಂಡ ಹುರುಪಿನಲ್ಲಿ, ರೈನ್ ನದಿಯ ಒಡ್ಡಿನ ಮೇಲೆ ರೇನನ್ ಊರಿನ ಕಡೆಗೆ ಹೊರಟೆ. ಆ ಒಡ್ಡಿಗೆ ಗ್ರೆಬ್ಬೆಡೈಕ್ ಎಂದು ಹೆಸರು. ಹೊಲಗಳಿಗಿಂತ ಎತ್ತರದಲ್ಲಿ, ಒಂದು ಕಡೆ ನದಿಯ ಬಯಲು, ಇನ್ನೊಂದು ಕಡೆ ಹುಲ್ಲುಗಾವಲು ಇರುವ ಆ ಹಾದಿ, ನಮ್ಮ ವಿಶ್ವೇಶ್ವರಯ್ಯ ನಾಲೆಯ ಏರಿಯ ಹಾಗೆಯೇ ಇದೆಯೆಂದು ಮೊದಲ ನೋಟದಲ್ಲೇ ಅನಿಸಿತ್ತು. ತಾಪಮಾನ 14 ಡಿಗ್ರಿ. ಮೈಸೂರಿನ ಧನುರ್ಮಾಸದ ಬೆಳಗಿಗಿಂತ ತುಸು ಕಡಿಮೆ, ಅಷ್ಟೆ. ಅರ್ಧ ಗಂಟೆ ತುಳಿದರೂ ಸೈಕಲ್ ಮುಂದಕ್ಕೆ ಹೋಗಲೊಲ್ಲದು. ಹಳೆಯ ಸೈಕಲ್ ಮಾರಿದವನು ಮೋಸ ಮಾಡಿದ, ಬ್ರೇಕು ಚಕ್ರಕ್ಕೆ ಹಿಡಿದುಕೊಂಡಿದೆ ಎಂದು ತಿಳಿದು, ಇಳಿದು, ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ ಚಕ್ರವನ್ನು ತಿರುಗಿಸಿ ನೋಡಿದೆ. ಚಕ್ರ ಸಲೀಸಾಗಿಯೇ ತಿರುಗಿತು. ಅಷ್ಟರಲ್ಲಿ ಹಿಂದಿನಿಂದ ಬಂದ ಅಜ್ಜಿಯೊಬ್ಬರು, ಕ್ಯಾರಿಯರಿನ ಎರಡೂ ಬದಿಗೆ ಸಾಮಾನಿನ ಚೀಲ ತೂಗುಹಾಕಿಕೊಂಡು, ಹ್ಯಾಂಡಲಿನ ಮೇಲೆ ಬಾಗಿ, ನನ್ನತ್ತ ತಲೆಯಾಡಿಸಿ ದಾಟಿಹೋದರು. ಬ್ರೇಕು ಹಿಡಿದಿರಲಿಲ್ಲ, ಹಿಡಿದಿದ್ದದ್ದು ಪಡುವಣ ಗಾಳಿ.

ಚಾಮುಂಡಿ ಬೆಟ್ಟ ಹತ್ತುವ ನಿಮಗೆ ಕಾಲಿನ ಬಲದ ಬಗ್ಗೆ ನಾನು ಹೇಳಬೇಕಾಗಿಲ್ಲ. ಬೆಟ್ಟಕ್ಕೆ ತುದಿಯಿದೆ, ನಡುವೆ ನಂದಿಯ ಬಳಿ ನಿಂತು ನೀರು ಕುಡಿಯಬಹುದು, ಹತ್ತಿದ್ದಕ್ಕೆ ಇಳಿಜಾರಿನ ಬಳುವಳಿಯೂ ಇದೆ. ಗಾಳಿಗೆ ಇದೊಂದೂ ಇಲ್ಲ. ಲೆಕ್ಕ ಹೀಗಿದೆ: ಗಾಳಿಯ ತಡೆ ನಮಗೂ ಗಾಳಿಗೂ ನಡುವಿನ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 15 ಕಿಲೋಮೀಟರಿನಂತೆ ಹೋಗುವವನಿಗೆ ಎದುರಿನಿಂದ 25 ಕಿಲೋಮೀಟರಿನ ಗಾಳಿ ಬಂದರೆ, ಅವನ ಎದೆಗೆ ತಾಗುವುದು 40 ಕಿಲೋಮೀಟರಿನ ಗಾಳಿ, ಅದರ ತಡೆ ಗಾಳಿಯಿಲ್ಲದ ದಿನದ ಏಳು ಪಟ್ಟು. ಹೋಗುವಾಗ ಕಳೆದುಕೊಂಡದ್ದನ್ನು ಬರುವಾಗ ಹಿಂಗಾಳಿ ತೀರಿಸಿಕೊಡುತ್ತದೆ ಎಂದೂ ನಂಬಬೇಡಿ. ಎದುರು ಗಾಳಿಯಲ್ಲಿ ಹೆಚ್ಚು ಹೊತ್ತು ಇರುತ್ತೇವೆ, ಹಿಂಗಾಳಿಯಲ್ಲಿ ಬೇಗ ಮನೆ ಸೇರಿಬಿಡುತ್ತೇವೆ, ಹಾಗಾಗಿ ಲೆಕ್ಕ ಎಂದಿಗೂ ಸರಿಹೋಗುವುದಿಲ್ಲ.

ಇದೇ ಗಾಳಿ ಡಿಗ್ರಿಯನ್ನೂ ಸುಳ್ಳಾಗಿಸುತ್ತದೆ. ಗಾಳಿಯೇ ಇಲ್ಲದ ಸೊನ್ನೆ ಡಿಗ್ರಿಯಲ್ಲಿ 20 ಕಿಲೋಮೀಟರ್ ವೇಗದಲ್ಲಿ ತುಳಿದರೆ, ಮೈಗೆ ಅದು ಸೊನ್ನೆಗಿಂತ ಐದು ಡಿಗ್ರಿ ಕೆಳಗಿದ್ದಂತೆ ತಾಗುತ್ತದೆ. ಮೊದಲು ಮರಗಟ್ಟುವುದು ಬೆರಳು, ಆಮೇಲೆ ಕಿವಿ. 10 ಡಿಗ್ರಿಗಿಂತ ಕೆಳಗೆ ಕೈಗವಸು ಬೇಕು. 5 ಡಿಗ್ರಿಗಿಂತ ಕೆಳಗೆ ಕಿವಿ ಮುಚ್ಚುವ ಟೋಪಿ ಬೇಕು. ಮೈಗೆ ಮಾತ್ರ ಅತಿಯಾಗಿ ಹೊದ್ದುಕೊಳ್ಳಬೇಡಿ. ಹೊರಟ ಮೊದಲ ಹತ್ತು ನಿಮಿಷ ತುಸು ಚಳಿಯೆನಿಸಿದರೆ ಉಡುಪು ಸರಿಯಾಗಿದೆಯೆಂದು ಅರ್ಥ. ಬಾಗಿಲಲ್ಲೇ ಬೆಚ್ಚಗೆನಿಸಿದರೆ ದಾರಿಯಲ್ಲಿ ಬೆವರುತ್ತೀರಿ, ಆ ಬೆವರು ತಣಿದಾಗ ನಡುಕ ಖಂಡಿತ.

ಆದ್ದರಿಂದ ಹವಾ ವರದಿಯಲ್ಲಿ ಡಿಗ್ರಿಗಿಂತ ಮೊದಲು ಗಾಳಿಯ ಬಲವನ್ನು ನೋಡುವುದನ್ನು ಕಲಿಯಿರಿ. ಇಲ್ಲಿ ಅದನ್ನು ಬೋಫರ್ಟ್ ಅಳತೆಯಲ್ಲಿ ಹೇಳುತ್ತಾರೆ. ಮೂರು ಎಂದರೆ ಹಿತ, ಐದು ಎಂದರೆ ಗಂಟೆಗೆ 29ರಿಂದ 38 ಕಿಲೋಮೀಟರು, ಅಂದು ಹತ್ತು ನಿಮಿಷ ಮೊದಲೇ ಮನೆ ಬಿಡಬೇಕು. ಗಾಳಿ ಬಹುತೇಕ ನೈಋತ್ಯದಿಂದ ಬರುವುದರಿಂದ, ನನಗೆ ಬೆಳಿಗ್ಗೆ ದಕ್ಷಿಣಕ್ಕೆ ಕೆಲಸಕ್ಕೆ ಹೋಗುವಾಗ ಎದುರು, ಸಂಜೆ ಹಿಂದಿನಿಂದ. ದಣಿದವನನ್ನು ಗಾಳಿಯೇ ಬೆನ್ನು ತಟ್ಟಿ ಮನೆ ತಲುಪಿಸುವ ಹಾಗೆ ಮನೆ ಹಿಡಿದದ್ದು ನನ್ನ ಜಾಣತನವೆಂದು ಹೆಂಡತಿಯ ಮುಂದೆ ಇಂದಿಗೂ ಹೇಳಿಕೊಳ್ಳುತ್ತೇನೆ. ಬಾಡಿಗೆ ಕಡಿಮೆಯೆಂದು ಹಿಡಿದದ್ದು ಎಂಬುದು ಅವಳಿಗೆ ಗೊತ್ತು.

ಮಳೆಗೆ ಬೌಯನ್‌ರಾಡಾರ್ ಎಂಬ ಆ್ಯಪ್ ಇದೆ. ಮುಂದಿನ ಎರಡು ಗಂಟೆಯಲ್ಲಿ ನಿಮ್ಮ ಬೀದಿಗೆ ಮಳೆ ಯಾವ ಹೊತ್ತಿಗೆ ಬಂದು ಯಾವ ಹೊತ್ತಿಗೆ ಬಿಡುತ್ತದೆ ಎಂಬುದನ್ನು ಅದರಲ್ಲಿ ನೋಡಬಹುದು. ಇಲ್ಲಿನ ಮಳೆ ನಮ್ಮ ಭರಣಿ ಮಳೆಯಂತೆ ಗುಡುಗಿ ಸುರಿದು ಹೋಗುವಂಥದ್ದಲ್ಲ. ಬಹುಪಾಲು ಜಿಟಿಜಿಟಿ, ಇಪ್ಪತ್ತು ನಿಮಿಷ ಕಾದರೆ ತೆರವು ಸಿಗುತ್ತದೆ. ಮೊದಲ ಚಳಿಗಾಲದಲ್ಲಿ ನಾನು ಹಾಗೆ ಕಾಯುತ್ತ ಬಾಗಿಲಲ್ಲಿ ನಿಂತಿದ್ದಾಗ, ಸಹಪಾಠಿಯೊಬ್ಬಳು ಇಲ್ಲಿನ ಒಂದು ಗಾದೆ ಹೇಳಿದಳು: ನೀನೇನು ಸಕ್ಕರೆಯಿಂದ ಮಾಡಿದವನಲ್ಲ. ನೀರು ಬಿದ್ದರೆ ಕರಗಿಹೋಗುವುದಿಲ್ಲ ಎಂದು ಅದರ ಅರ್ಥ. ನಾನು ಮಂಡ್ಯದವನು, ನಮ್ಮ ಊರನ್ನು ಜನ ಕರೆಯುವುದೇ ಸಕ್ಕರೆ ನಾಡು ಎಂದು, ಆದ್ದರಿಂದ ನನ್ನ ವಿಷಯದಲ್ಲಿ ಈ ಗಾದೆ ಸಲ್ಲುವುದಿಲ್ಲ ಎಂದು ಅವಳಿಗೆ ವಿವರಿಸಲು ಹೋಗಿ, ಅಷ್ಟರಲ್ಲಿ ಮಳೆಯೂ ಜೋರಾಗಿ, ಇಬ್ಬರೂ ನೆನೆದೆವು.

ಹೀಗೆ ಆ್ಯಪ್ ನೋಡುವುದರಲ್ಲಿ, ಗಾಳಿಯ ಬಲ ಅಳೆಯುವುದರಲ್ಲಿ ನಾನು ಪಳಗಿದೆ, ಅತಿಯಾಗಿಯೇ ಪಳಗಿದೆ. 2013ರ ಮಾರ್ಚ್ ನಡುವಿನಲ್ಲಿ ನಮ್ಮ ತಂದೆ ತೊಂಬತ್ತು ದಿನದ ವೀಸಾದ ಮೇಲೆ ನನ್ನ ಮನೆಗೆ ಬಂದರು. ಊರಿನಿಂದ ಮಂಡ್ಯದ ಸಕ್ಕರೆ ಕಾರ್ಖಾನೆಯ ಕೆಲಸಕ್ಕೆ ದಿನಕ್ಕೆ ಹನ್ನೆರಡು ಕಿಲೋಮೀಟರು, ಮೂವತ್ತು ವರ್ಷ, ಅಟ್ಲಾಸ್ ಸೈಕಲ್ಲಿನಲ್ಲಿ ಹೋಗಿಬಂದವರು ಅವರು. ಆಷಾಢದ ಗಾಳಿಗೆ ಪಂಚೆ ಎತ್ತಿ ಕಟ್ಟಿ, ಕ್ಯಾರಿಯರಿಗೆ ಹಾಲಿನ ಕ್ಯಾನು ಬಿಗಿದು ಹೋಗುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸೈಕಲ್ಲಿಗೇ ಬೇರೆ ರಸ್ತೆ, ಬೇರೆ ಸಿಗ್ನಲ್ ದೀಪ ಇರುವ ದೇಶವನ್ನು ಅವರಿಗೆ ತೋರಿಸಬೇಕು, ಅದೇ ಗ್ರೆಬ್ಬೆಡೈಕಿನ ಮೇಲೆ ಅವರನ್ನು ಮುಂದೆ ಬಿಟ್ಟು ನಾನು ಹಿಂದೆ ಹೋಗಬೇಕು ಎಂಬುದು ಎಷ್ಟೋ ವರ್ಷದ ಆಸೆ. ಅವರಿಗೆಂದೇ ತಗ್ಗಿನ ಹಳೆಯ ಸೈಕಲ್ಲೊಂದನ್ನು ಕೊಂಡು, ಸೀಟನ್ನು ಅವರ ಎತ್ತರಕ್ಕೆ ಇಳಿಸಿ ಇಟ್ಟಿದ್ದೆ.

ಆ ವರ್ಷದ ಮಾರ್ಚ್ ಇಲ್ಲಿ ಅಪರೂಪದ ಚಳಿಯದು. ವಸಂತವೇ ತಡವಾಗಿ ಬಂತು. ಒಂದು ದಿನ ಗಾಳಿಯ ಬಲ ಐದು, ಇನ್ನೊಂದು ದಿನ ಹವೆ ಆರೇ ಡಿಗ್ರಿ, ಮತ್ತೊಂದು ದಿನ ಮಧ್ಯಾಹ್ನಕ್ಕೆ ಮಳೆ. ಅಪ್ಪ ಬೆಳಿಗ್ಗೆ ಕಾಫಿ ಕುಡಿದು, ಸ್ವೆಟರು ಹಾಕಿಕೊಂಡು, ಹೊರಡೋಣವೇ ಎಂಬಂತೆ ನನ್ನನ್ನು ನೋಡುವರು. ನಾನು ಫೋನು ನೋಡಿ ನಾಳೆ ಎನ್ನುವೆ. ಏಪ್ರಿಲ್ 30ರಂದು ರಾಣಿ ಬೆಯಾಟ್ರಿಕ್ಸ್ ಸಿಂಹಾಸನವನ್ನು ಮಗನಿಗೆ ಬಿಟ್ಟುಕೊಟ್ಟರು, ದೇಶಕ್ಕೆಲ್ಲ ರಜೆ. ಮಳೆಯಿರಲಿಲ್ಲ, ಬೀದಿಯ ತುಂಬ ಸೈಕಲ್ಲುಗಳು. ಹವೆ 13 ಡಿಗ್ರಿಯೆಂದು, ಎಪ್ಪತ್ತು ದಾಟಿದವರಿಗೆ ಅದು ಸಾಲದೆಂದು, ನಾನು ಅವರನ್ನು ಟೀವಿಯ ಮುಂದೆ ಕೂರಿಸಿದೆ. ಹೊಸ ರಾಜನ ಮೆರವಣಿಗೆಯಲ್ಲಿ ಆನೆಯಿಲ್ಲದ್ದನ್ನು ಕಂಡು ಅವರಿಗೆ ನಿರಾಸೆಯಾಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, ಕಿಟಕಿಯಾಚೆ ಹೋಗುತ್ತಿದ್ದ ಸೈಕಲ್ಲುಗಳನ್ನು ನೋಡುತ್ತಲೇ ಕೇಳಿದರು: "ಸೈಕಲ್ ತುಳ್ಯಾಕೂ ಪಂಚಾಂಗ ನೋಡ್ತೀಯೇನ್ಲಾ?"

ಮೇ ತಿಂಗಳಲ್ಲಿ ಎರಡು ದಿನ ನಿಜಕ್ಕೂ ಹದವಾದ ಹವೆ ಬಂತು. ಇಪ್ಪತ್ತು ದಾಟಿದ ಬಿಸಿಲು, ಎಲೆ ಅಲುಗದ ಗಾಳಿ. ಎರಡೂ ದಿನ ನನಗೆ ಕಚೇರಿಯಿತ್ತು, ರಜೆ ಕೇಳಬಹುದಿತ್ತು, ಕೇಳಲಿಲ್ಲ. ಜೂನಿನಲ್ಲಿ ಅಪ್ಪ ಹಿಂತಿರುಗಿದರು. ಆಮೇಲೆ ಮಂಡಿನೋವು ಹೆಚ್ಚಿ ಅಲ್ಲಿಯೂ ಸೈಕಲ್ ಬಿಟ್ಟರು. ಭಾನುವಾರ ಫೋನು ಮಾಡಿದಾಗಲೆಲ್ಲ, ಗಾಳಿ ನಿಂತಿತೇ ಎಂದು ಕೇಳುತ್ತಿದ್ದರು. ಅದು ಹಾಸ್ಯವೋ ಅಲ್ಲವೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. 2016ರಲ್ಲಿ ತೀರಿಕೊಂಡರು. ಆ ಸೈಕಲ್ಲನ್ನು ಪಕ್ಕದ ಬೀದಿಯ ಹುಡುಗನೊಬ್ಬನಿಗೆ ಕೊಟ್ಟೆ. ಅವನು ಮಾಡಿದ ಮೊದಲ ಕೆಲಸ ಸೀಟನ್ನು ಮೇಲಕ್ಕೆ ಎತ್ತಿದ್ದು.

ಹಾಗಾದರೆ ಎಷ್ಟು ಡಿಗ್ರಿಗೆ ಸೈಕಲ್ ನಿಲ್ಲಿಸಬೇಕು ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ, ಚಳಿಗಾಗಿ ಎಂದೂ ನಿಲ್ಲಿಸಬೇಡಿ, ಜಾರಿಕೆಗಾಗಿ ನಿಲ್ಲಿಸಿ ಎಂಬುದು. ಹವಾ ಇಲಾಖೆ ಹೇಳುವ ತಾಪಮಾನ ನೆಲದಿಂದ ಒಂದೂವರೆ ಮೀಟರು ಮೇಲಿನದು. ಮೋಡವಿಲ್ಲದ ರಾತ್ರಿಯ ನಂತರ ಅದು ಎರಡು ಡಿಗ್ರಿ ತೋರಿಸುತ್ತಿದ್ದರೂ ನೆಲ ಹೆಪ್ಪುಗಟ್ಟಿರಬಹುದು, ಅದರಲ್ಲಿಯೂ ಕೆಳಗಿನಿಂದ ನೆಲದ ಬಿಸಿ ತಾಗದ ಸೇತುವೆಗಳು ಎಲ್ಲಕ್ಕಿಂತ ಮೊದಲು ಹೆಪ್ಪುಗಟ್ಟುತ್ತವೆ. ಅಂಥದೊಂದು ಸೇತುವೆಯ ಮೇಲೆ ನನ್ನ ಎಡಗೈ ಮಣಿಕಟ್ಟು ಮುರಿದಿದೆ. ಸೈಕಲ್ ಹಾದಿಗೂ ಉಪ್ಪು ಚೆಲ್ಲುತ್ತಾರೆ, ಆದರೆ ಎಲ್ಲ ಹಾದಿಗೂ ಅಲ್ಲ. ಹವಾ ಇಲಾಖೆ ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಕೊಟ್ಟ ದಿನ ಶೂರತನ ತೋರಿಸದೆ ಬಸ್ಸು ಹತ್ತಿ.

ಇನ್ನು ಕೆಲವು ಮಾತುಗಳು. ಇಲ್ಲಿ ಬಲಗಡೆ ಹೋಗಬೇಕು. ಮೊದಲ ವಾರ ತಿರುವಿನಲ್ಲಿ ಕೈ ತಾನಾಗಿ ಎಡಕ್ಕೆ ಎಳೆಯುತ್ತದೆ, ಎಚ್ಚರವಿರಲಿ. ಎಷ್ಟೋ ಸೈಕಲ್ಲುಗಳಲ್ಲಿ ಪೆಡಲನ್ನು ಹಿಂದಕ್ಕೆ ತುಳಿದರೆ ಬ್ರೇಕು ಬೀಳುತ್ತದೆ. ನಾವು ಊರಿನಲ್ಲಿ ಸುಮ್ಮನೆ ಹಿಂದಕ್ಕೆ ತಿರುಗಿಸಿಕೊಂಡು ಹೋಗುವ ಚಾಳಿಯವರು, ನಡುರಸ್ತೆಯಲ್ಲಿ ಗಕ್ಕನೆ ನಿಂತುಬಿಡುತ್ತೀರಿ. ಡಿಸೆಂಬರಿನಲ್ಲಿ ಬೆಳಿಗ್ಗೆ ಎಂಟೂಮುಕ್ಕಾಲಿಗೆ ಸೂರ್ಯ ಹುಟ್ಟಿ ಸಂಜೆ ನಾಲ್ಕೂವರೆಗೆ ಮುಳುಗುತ್ತಾನೆ, ಆದ್ದರಿಂದ ಮುಂದೆ ಬಿಳಿ, ಹಿಂದೆ ಕೆಂಪು ದೀಪ ಕಡ್ಡಾಯ, ಇಲ್ಲದಿದ್ದರೆ ದಂಡ. ಹೆಲ್ಮೆಟ್ ಕಡ್ಡಾಯವಲ್ಲ, ನೀವು ಮಾತ್ರ ಹಾಕಿಕೊಳ್ಳಿ. ಬೀದಿಯಲ್ಲಿ ಯಾರಾದರೂ ತೀರಾ ಅಗ್ಗಕ್ಕೆ ಸೈಕಲ್ ಕೊಡುತ್ತೇನೆಂದರೆ ಅದು ಕದ್ದ ಮಾಲು, ಮುಟ್ಟಬೇಡಿ.

ವಾಗನಿಂಗನ್ನಿಗೆ ರೈಲು ನಿಲ್ದಾಣವಿಲ್ಲ. ನೀವು ಇಳಿಯುವುದು ನಮ್ಮ ಏಡೆಯಲ್ಲೇ. ದಿನ ಮತ್ತು ಹೊತ್ತು ತಿಳಿಸಿದರೆ ಬರುತ್ತೇನೆ. ಆ ವಾರದಲ್ಲೇ ಒಂದು ಸಂಜೆ, ಗಾಳಿ ಎಷ್ಟೇ ಇರಲಿ, ಗ್ರೆಬ್ಬೆಡೈಕಿಗೆ ಹೋಗೋಣ. ಮೊದಲು ಪಡುವಣಕ್ಕೆ, ಎದುರು ಗಾಳಿಗೆ. ಮಳೆಕೋಟನ್ನು ಅಲ್ಲಿಂದ ತರಬೇಡಿ, ಸ್ಕೂಟರಿಗೆಂದು ಮಾಡಿದ ಆ ಕೋಟಿನ ಅಂಚು ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಸೈಕಲ್ಲಿಗೆ ಹೊಂದುವ ಮಳೆ ಅಂಗಿ, ಮಳೆ ಪ್ಯಾಂಟು ಇಲ್ಲಿಯೇ ಸಿಗುತ್ತವೆ. ಪೆಟ್ಟಿಗೆಯಲ್ಲಿ ಅದಕ್ಕೆಂದು ಬಿಟ್ಟ ಜಾಗದಲ್ಲಿ ಮಂಡ್ಯದ ಅಚ್ಚು ಬೆಲ್ಲವನ್ನು ಒಂದೆರಡು ಕಿಲೋ ಇಟ್ಟುಕೊಂಡು ಬನ್ನಿ. ನವೆಂಬರಿನಲ್ಲಿ ತೊಯ್ದು ಬಂದ ಸಂಜೆ ಶುಂಠಿ ಕಾಫಿಗೆ ಬೇಕಾಗುತ್ತದೆ, ಅರ್ಧ ನನಗೆ.