ಹೊತ್ತಿಗೆ ತಕ್ಕಂತೆ ಮೆದುಳಿನ ಕೋಶಗಳ ಆಕಾರ ಬದಲಾಗುತ್ತದೆಯೇ?

ಹೌದು, ಬದಲಾಗುತ್ತದೆ, ಅದೂ ಪ್ರತಿದಿನ. ಇದನ್ನು ಚೆನ್ನಾಗಿ ತೋರಿಸಿಕೊಟ್ಟಿದ್ದು ಹಣ್ಣುನೊಣ, ಅದೇ, ಬಾಳೆಹಣ್ಣು ಕಳಿತರೆ ಮುತ್ತಿಕೊಳ್ಳುತ್ತದಲ್ಲ, ಅದು.

ಅದರ ಮೆದುಳಿನಲ್ಲಿ ದೇಹದ ಗಡಿಯಾರ ನಡೆಸುವ ಕೋಶಗಳಿವೆ. ಅವುಗಳಲ್ಲಿ ಪಿಡಿಎಫ್ ಎಂಬ ರಾಸಾಯನಿಕದ ಮೂಲಕ ಸುದ್ದಿ ಕಳಿಸುವ ಚಿಕ್ಕ ಕೋಶಗಳು ಬಹಳ ಮುಖ್ಯ, ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು, ಅಷ್ಟೇ. 2008ರಲ್ಲಿ ಅರ್ಜೆಂಟೀನಾದ ಮರಿಯಾ ಫರ್ನಾಂಡಾ ಸೆರಿಯಾನಿ ಅವರ ತಂಡ ಈ ಕೋಶಗಳ ತುದಿಯನ್ನು ಬೇರೆಬೇರೆ ಹೊತ್ತಿನಲ್ಲಿ ನೋಡಿದಾಗ, ಬೆಳಗ್ಗೆ ಕವಲುಗಳು ಮರದ ಕೊಂಬೆಯಂತೆ ಹರಡಿಕೊಂಡಿದ್ದವು, ರಾತ್ರಿ ಮುದುಡಿ ಕಡಿಮೆಯಾಗಿದ್ದವು.

ಬೆಳಕು ಬಿದ್ದಿದ್ದಕ್ಕೆ ಹೀಗಾಯಿತು ಅನ್ನಿಸುತ್ತದೆ, ಅಲ್ವಾ? ಆದರೆ ನೊಣಗಳನ್ನು ಪೂರ್ತಿ ಕತ್ತಲಲ್ಲಿಟ್ಟರೂ ಇದು ನಡೆಯಿತು. ಗಡಿಯಾರದ ಜೀನ್ ಕೆಟ್ಟಿರುವ ನೊಣಗಳಲ್ಲಿ ಮಾತ್ರ ನಿಂತುಹೋಯಿತು. ನನಗೆ ಇದೇ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಅನ್ನಿಸುತ್ತದೆ. ಕವಲು ಹರಡಿದಾಗ ಆ ಕೋಶ ಬೇರೆ ಕೋಶಗಳನ್ನು ಮುಟ್ಟುವ ಜಾಗವೂ ಬದಲಾಗುತ್ತದೆ, ಅಂದರೆ ಬೆಳಗಿನ ಸಂಪರ್ಕಗಳೇ ಬೇರೆ, ರಾತ್ರಿಯವೇ ಬೇರೆ.

ಇಲಿಗಳ ಲೆಕ್ಕ ಸ್ವಲ್ಪ ಬೇರೆ. 2017ರಲ್ಲಿ ಅಮೆರಿಕದ ಕಿಯಾರಾ ಚಿರೆಲ್ಲಿ ಮತ್ತು ಜೂಲಿಯೊ ಟೊನೊನಿ ಅವರ ತಂಡ, ಎಚ್ಚರವಿದ್ದ ಇಲಿಗಳಿಗಿಂತ ನಿದ್ದೆ ಮಾಡಿದ ಇಲಿಗಳಲ್ಲಿ ಕೋಶ ಕೋಶ ಸೇರುವ ಜಾಗ ಸುಮಾರು 18% ಚಿಕ್ಕದಾಗಿರುವುದನ್ನು ಅಳೆದು ತೋರಿಸಿತು. ಅಲ್ಲಿ ಜಾಸ್ತಿ ಲೆಕ್ಕಕ್ಕೆ ಬಂದದ್ದು ಹೊತ್ತಲ್ಲ, ನಿದ್ದೆ.